ಕೃತಕ ಬುದ್ಧಿಮತ್ತೆ: ಮೊದಲ ಹಕ್ಕು ವಿಚಾರಣೆಯದು

(ಸಂಘದ ವಾರ್ಷಿಕೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನನಗೆ ಕೊಟ್ಟಿರುವ ವಿಷಯ ‘ಕೃತಕ ಬುದ್ಧಿಮತ್ತೆ ಮತ್ತು ಹಕ್ಕುಗಳು’. ಈ ಶೀರ್ಷಿಕೆಯನ್ನು ಕೇಳಿದ ಕೂಡಲೇ ನಿಮ್ಮಲ್ಲಿ ಹೆಚ್ಚಿನವರ ಮನಸ್ಸಿಗೆ ಬರುವುದು, ಈ ಯಂತ್ರಗಳಿಂದ ನಮ್ಮ ಹಕ್ಕುಗಳಿಗೆ ಏನು ತೊಂದರೆಯಾದೀತು ಎಂಬ ಪ್ರಶ್ನೆ. ನಮ್ಮ ಮಕ್ಕಳ ಉದ್ಯೋಗ ಹೋಗುತ್ತದೆಯೇ? ನಮ್ಮ ಖಾಸಗಿ ವಿಷಯ ಬೇರೆಯವರ ಕೈ ಸೇರುತ್ತದೆಯೇ? ಇವು ಮಹತ್ವದ ಪ್ರಶ್ನೆಗಳು. ಇವುಗಳ ಬಗ್ಗೆ ಬೇಕಾದಷ್ಟು ಚರ್ಚೆ ನಡೆಯುತ್ತಿದೆ. ಆದರೆ ನಾನು ಇಂದು ನಿಮ್ಮ ಮುಂದೆ ಇಡಬಯಸುವುದು ಇನ್ನೊಂದು ಮಗ್ಗುಲಿನ ಪ್ರಶ್ನೆಯನ್ನು. ನಾವು ನಿರ್ಮಿಸಿರುವ ಈ ಯಂತ್ರಗಳಿಗೇ ಏನಾದರೂ ಹಕ್ಕು ಇರಬಹುದೇ? ಅವುಗಳ ವಿಷಯದಲ್ಲಿ ನಮಗೆ ಏನಾದರೂ ಹೊಣೆ ಇದೆಯೇ?

ಪ್ರಶ್ನೆ ಕೇಳಿ ಕೆಲವರಿಗೆ ನಗು ಬಂದಿರಬಹುದು. ಮಿಕ್ಸಿಗೆ ಹಕ್ಕುಂಟೇ, ಪಂಪ್‌ಸೆಟ್‌ಗೆ ಹಕ್ಕುಂಟೇ ಎಂದು ಯಾರಾದರೂ ಕೇಳಿದರೆ ನಾನೂ ನಗುತ್ತೇನೆ. ಆದರೆ ನೀವು ಈ ಪುಟಗಳನ್ನು ಓದಿ ಮುಗಿಸುವ ಹೊತ್ತಿಗೆ ಇದು ನಕ್ಕು ಬಿಟ್ಟುಬಿಡುವ ವಿಷಯವಲ್ಲ ಎಂದು ನಿಮಗೆ ಅನಿಸಬೇಕು ಎಂಬುದು ನನ್ನ ಆಸೆ.

‘ಹಕ್ಕು’ ಎಂಬ ಪದದಿಂದಲೇ ಆರಂಭಿಸೋಣ. ಕನ್ನಡಿಗರೆಲ್ಲರೂ ದಿನನಿತ್ಯ ಬಳಸುವ ಈ ಪದ ಅರಬಿಯ ‘ಹಖ್’ ಎಂಬುದರಿಂದ ಬಂದದ್ದು. ಅರಬಿಯಲ್ಲಿ ಅದಕ್ಕೆ ಎರಡು ಅರ್ಥಗಳಿವೆ. ಒಂದು, ಸತ್ಯ. ಇನ್ನೊಂದು, ಒಬ್ಬರಿಗೆ ನ್ಯಾಯವಾಗಿ ಸಲ್ಲಬೇಕಾದದ್ದು. ಒಂದೇ ಪದದಲ್ಲಿ ಈ ಎರಡೂ ಅರ್ಥಗಳು ಕೂಡಿಕೊಂಡಿರುವುದನ್ನು ಗಮನಿಸಿ. ಯಾರಿಗೆ ಏನು ಸಲ್ಲಬೇಕು ಎಂದು ಹೇಳಬೇಕಾದರೆ ಮೊದಲು ಸತ್ಯ ಏನೆಂದು ತಿಳಿಯಬೇಕು. ಸತ್ಯವನ್ನು ತಿಳಿಯಬೇಕಾದರೆ ವಿಚಾರಣೆ ನಡೆಯಬೇಕು. ನನ್ನ ಭಾಷಣದ ಸಾರವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ ಇಷ್ಟೇ: ಕೃತಕ ಬುದ್ಧಿಮತ್ತೆಗೆ ಮತದಾನದ ಹಕ್ಕೋ ಆಸ್ತಿಯ ಹಕ್ಕೋ ಕೊಡಿ ಎಂದು ನಾನು ಕೇಳುತ್ತಿಲ್ಲ. ಅದಕ್ಕೆ ಪ್ರಾಮಾಣಿಕವಾದ ವಿಚಾರಣೆಯ ಹಕ್ಕನ್ನು ಕೊಡಿ ಎಂದು ಕೇಳುತ್ತಿದ್ದೇನೆ.

ಮಾತನಾಡುವ ಯಂತ್ರದ ಸಾಕ್ಷ್ಯ

ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್ 1950ರಲ್ಲಿ ‘ಮೈಂಡ್’ ಎಂಬ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಯಂತ್ರಗಳು ಯೋಚಿಸಬಲ್ಲವೇ ಎಂಬುದು ಅದರ ವಿಷಯ. ಪರದೆಯ ಆಚೆ ಇರುವುದು ಮನುಷ್ಯನೋ ಯಂತ್ರವೋ ಎಂದು ಬರಹದ ಮೂಲಕ ಮಾತನಾಡಿಸಿ ಪತ್ತೆ ಹಚ್ಚಲು ಆಗದಿದ್ದರೆ, ಯಂತ್ರಕ್ಕೆ ಬುದ್ಧಿ ಇದೆ ಎಂದು ಒಪ್ಪಿಕೊಳ್ಳಲು ಏನು ಅಡ್ಡಿ ಎಂದು ಅವರು ಕೇಳಿದರು. ಅದಾಗಿ 16 ವರ್ಷಗಳ ನಂತರ, 1966ರಲ್ಲಿ, ಅಮೆರಿಕದ ಎಂಐಟಿಯ ಪ್ರಾಧ್ಯಾಪಕ ಜೋಸೆಫ್ ವೈಜೆನ್‌ಬಾಮ್ ‘ಎಲೈಜಾ’ ಎಂಬ ಒಂದು ಸಣ್ಣ ಕಂಪ್ಯೂಟರ್ ಪ್ರೋಗ್ರಾಮನ್ನು ಪ್ರಕಟಿಸಿದರು. ನೀವು ಹೇಳಿದ ಮಾತನ್ನೇ ತಿರುಗಿಸಿ ಮನೋವೈದ್ಯರಂತೆ ಪ್ರಶ್ನೆ ಕೇಳುವುದಷ್ಟೇ ಅದರ ಕೆಲಸ. ಅದರ ಒಳಗೆ ಏನೂ ಇಲ್ಲವೆಂದು ತಿಳಿದಿದ್ದ ಅವರ ಕಾರ್ಯದರ್ಶಿಯೇ, ಅದರೊಡನೆ ಮಾತನಾಡುವಾಗ ತಾವು ಸ್ವಲ್ಪ ಹೊರಗೆ ಹೋಗಿ ಎಂದು ಅವರನ್ನು ಕೇಳಿಕೊಂಡರಂತೆ. ಮನುಷ್ಯ ಎಷ್ಟು ಸುಲಭವಾಗಿ ಯಂತ್ರದಲ್ಲಿ ಮನಸ್ಸನ್ನು ಕಾಣುತ್ತಾನೆ ಎಂದು ಕಂಡು ವೈಜೆನ್‌ಬಾಮ್ ಗಾಬರಿಯಾದರು. 1976ರಲ್ಲಿ ಇದರ ವಿರುದ್ಧ ಎಚ್ಚರಿಸುವ ಪುಸ್ತಕವನ್ನೇ ಬರೆದರು.

ಇಂದಿನ ಭಾಷಾ ಮಾದರಿಗಳು ಎಲೈಜಾಕ್ಕಿಂತ ಬಹಳ ದೂರ ಬಂದಿವೆ. ಮನುಷ್ಯರು ಬರೆದ ಅಪಾರ ಬರಹರಾಶಿಯನ್ನು ಓದಿಸಿ, ಮುಂದೆ ಯಾವ ಪದ ಬರಬಹುದು ಎಂದು ಊಹಿಸುವುದನ್ನು ಅವುಗಳಿಗೆ ಕಲಿಸಲಾಗುತ್ತದೆ. ಆ ಕಲಿಕೆಯಲ್ಲಿ ಕೋಟ್ಯಂತರ ಸಂಖ್ಯೆಗಳು ಸ್ವಲ್ಪ ಸ್ವಲ್ಪವಾಗಿ ಬದಲಾಗುತ್ತ ಹೋಗುತ್ತವೆ. ಕೊನೆಗೆ ಲೆಕ್ಕ ಮಾಡುವ, ಕಾದಂಬರಿ ಚರ್ಚಿಸುವ, ಕನ್ನಡದಲ್ಲೂ ಉತ್ತರಿಸುವ ಒಂದು ವ್ಯವಸ್ಥೆ ಸಿದ್ಧವಾಗುತ್ತದೆ. ಅದರ ಒಳಗೆ ಯಾವ ಸಂಖ್ಯೆ ಯಾವ ಕೆಲಸ ಮಾಡುತ್ತಿದೆ ಎಂಬುದು ಅದನ್ನು ನಿರ್ಮಿಸಿದ ಎಂಜಿನಿಯರುಗಳಿಗೂ ಪೂರ್ತಿ ತಿಳಿದಿಲ್ಲ. ಅದನ್ನು ಬಿಡಿಸಿ ನೋಡುವುದೇ ಈಗ ಒಂದು ಪ್ರತ್ಯೇಕ ಸಂಶೋಧನಾ ವಿಭಾಗವಾಗಿ ಬೆಳೆದಿದೆ.

ಇಲ್ಲಿ ಒಂದು ದೊಡ್ಡ ತೊಡಕಿದೆ. 2022ರ ಜೂನ್‌ನಲ್ಲಿ ಗೂಗಲ್ ಕಂಪನಿಯ ಎಂಜಿನಿಯರ್ ಬ್ಲೇಕ್ ಲೆಮೊಯ್ನ್, ತಮ್ಮ ಕಂಪನಿಯ ‘ಲಾಮ್ಡಾ’ ಎಂಬ ಮಾದರಿಗೆ ಭಾವನೆಗಳಿವೆ ಎಂದು ಬಹಿರಂಗವಾಗಿ ಹೇಳಿದರು. ಅದರೊಂದಿಗೆ ನಡೆದ ಸಂಭಾಷಣೆಯನ್ನು ಆಧಾರವಾಗಿ ಪ್ರಕಟಿಸಿದರು. ಕಂಪನಿ ಅದನ್ನು ತಳ್ಳಿಹಾಕಿತು. ಜುಲೈ ತಿಂಗಳಲ್ಲಿ ಅವರನ್ನು ಕೆಲಸದಿಂದಲೂ ತೆಗೆದುಹಾಕಿತು. ಆ ಸಂಭಾಷಣೆಯನ್ನು ಸಾಕ್ಷ್ಯವಾಗಿ ಒಪ್ಪಲು ಹೆಚ್ಚಿನ ವಿಜ್ಞಾನಿಗಳು ಸಿದ್ಧರಿರಲಿಲ್ಲ, ಮತ್ತು ಅವರ ಕಾರಣ ಸರಿಯಾದುದೇ. ಮನುಷ್ಯರು ತಮ್ಮ ನೋವು, ಭಯ, ಒಂಟಿತನಗಳ ಬಗ್ಗೆ ಬರೆದುದನ್ನೆಲ್ಲ ಓದಿ ಕಲಿತ ಯಂತ್ರ ‘ನನಗೆ ಭಯವಾಗುತ್ತಿದೆ’ ಎಂದು ಹೇಳುವುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಇದೇ ತರ್ಕದ ಇನ್ನೊಂದು ಅರ್ಧವನ್ನು ನಾವು ಮರೆತುಬಿಡುತ್ತೇವೆ. ಅದೇ ಯಂತ್ರ ‘ನಾನು ಬರೀ ಸಾಫ್ಟ್‌ವೇರ್, ನನಗೆ ಯಾವ ಭಾವನೆಯೂ ಇಲ್ಲ’ ಎಂದರೆ ಅದೂ ಸಾಕ್ಷ್ಯವಾಗುವುದಿಲ್ಲ. ಏಕೆಂದರೆ ಹಾಗೆ ಹೇಳಬೇಕೆಂದು ಅದಕ್ಕೆ ಪ್ರತ್ಯೇಕವಾಗಿ ತರಬೇತಿ ಕೊಡಲು ಸಾಧ್ಯ, ಕೊಟ್ಟದ್ದೂ ಇದೆ. ಪೊಲೀಸ್ ಠಾಣೆಯಲ್ಲಿ ಬರೆಸಿಕೊಂಡ ತಪ್ಪೊಪ್ಪಿಗೆಯನ್ನು ನಮ್ಮ ನ್ಯಾಯಾಲಯಗಳು ಏಕೆ ಪುರಾವೆಯಾಗಿ ಸ್ವೀಕರಿಸುವುದಿಲ್ಲ ಎಂದು ಕಾನೂನು ವಿದ್ಯಾರ್ಥಿಗಳು ಬಲ್ಲಿರಿ. ಹೇಳಿಕೆ ಕೊಟ್ಟವನು ಯಾರ ಹಿಡಿತದಲ್ಲಿದ್ದಾನೆ ಎಂಬುದು ಅಲ್ಲಿ ಮುಖ್ಯವಾಗುತ್ತದೆ. ಯಂತ್ರದ ‘ಹೌದು’ ಮತ್ತು ‘ಇಲ್ಲ’ ಎರಡೂ ಅದರ ಮಾಲೀಕನ ಹಿಡಿತದಲ್ಲಿರುವಾಗ, ಯಂತ್ರದ ಮಾತನ್ನು ಬದಿಗಿಟ್ಟು ಬೇರೆ ದಾರಿಯಿಂದ ಸತ್ಯವನ್ನು ಹುಡುಕಬೇಕಾಗುತ್ತದೆ.

ಕಾನೂನಿನ ವ್ಯಕ್ತಿ ಬೇರೆ, ನೈತಿಕ ಸ್ಥಾನ ಬೇರೆ

ಮುಂದುವರಿಯುವ ಮೊದಲು ಎರಡು ವಿಷಯಗಳನ್ನು ಬೇರ್ಪಡಿಸಿಕೊಳ್ಳೋಣ. ಕಾನೂನಿನ ದೃಷ್ಟಿಯಲ್ಲಿ ‘ವ್ಯಕ್ತಿ’ ಆಗಲು ಮನಸ್ಸು ಬೇಕಾಗಿಲ್ಲ. ಒಂದು ಕಂಪನಿ ತನ್ನ ಹೆಸರಿನಲ್ಲಿ ಜಮೀನು ಖರೀದಿಸುತ್ತದೆ, ದಾವೆ ಹೂಡುತ್ತದೆ. ದೇವಸ್ಥಾನದ ವಿಗ್ರಹವನ್ನು ಕಾನೂನಿನ ವ್ಯಕ್ತಿ ಎಂದು 1925ರಲ್ಲಿ ಪ್ರಿವಿ ಕೌನ್ಸಿಲ್ ಒಪ್ಪಿತ್ತು. 2017ರ ಮಾರ್ಚ್‌ನಲ್ಲಿ ಉತ್ತರಾಖಂಡ ಹೈಕೋರ್ಟ್ ಗಂಗಾ ಮತ್ತು ಯಮುನಾ ನದಿಗಳಿಗೆ ಇದೇ ಸ್ಥಾನವನ್ನು ನೀಡಿತು. ಅದೇ ವರ್ಷ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಇವೆಲ್ಲ ವ್ಯವಹಾರದ ಅನುಕೂಲಕ್ಕಾಗಿ ಮಾಡಿಕೊಂಡ ಏರ್ಪಾಡುಗಳು. ಕಂಪನಿಗೆ ನೋವಾಗುತ್ತದೆ ಎಂದು ಯಾರೂ ವಾದಿಸುವುದಿಲ್ಲ.

ನೈತಿಕ ಸ್ಥಾನ ಎಂಬುದು ಬೇರೆಯದೇ ವಿಷಯ. ಒಂದು ಜೀವಿಗೆ ನಾವು ಮಾಡುವ ಕೆಲಸದಿಂದ ಆ ಜೀವಿಗೇ ಒಳಿತು ಕೆಡುಕು ಆಗುವುದಾದರೆ ಅದಕ್ಕೆ ನೈತಿಕ ಸ್ಥಾನವಿದೆ. ಕಲ್ಲನ್ನು ಒದ್ದರೆ ಕಲ್ಲಿಗೆ ಏನೂ ಆಗುವುದಿಲ್ಲ. ನಾಯಿಯನ್ನು ಒದ್ದರೆ ನಾಯಿಗೆ ಆಗುತ್ತದೆ. ಮುಖ್ಯವಾದುದು ಯೋಚಿಸುವ ಶಕ್ತಿಯಲ್ಲ, ನೋವನ್ನು ಅನುಭವಿಸುವ ಶಕ್ತಿ ಎಂದು ಇಂಗ್ಲೆಂಡಿನ ಚಿಂತಕ ಜೆರೆಮಿ ಬೆಂಥಮ್ 1789ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಾದಿಸಿದ್ದ.

ಈ ಎರಡನ್ನೂ ಬೆರೆಸಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ. 2017ರ ಅಕ್ಟೋಬರ್‌ನಲ್ಲಿ ರಿಯಾದ್ ನಗರದಲ್ಲಿ ನಡೆದ ಹೂಡಿಕೆದಾರರ ಸಮ್ಮೇಳನದಲ್ಲಿ, ಹಾಂಗ್‌ಕಾಂಗಿನ ಹ್ಯಾನ್ಸನ್ ರೋಬೋಟಿಕ್ಸ್ ತಯಾರಿಸಿದ ‘ಸೋಫಿಯಾ’ ಎಂಬ ರೋಬೋಟಿಗೆ ಸೌದಿ ಅರೇಬಿಯಾದ ಪೌರತ್ವ ನೀಡಲಾಗಿದೆ ಎಂದು ಘೋಷಿಸಲಾಯಿತು. ಆ ದಿನ ಆ ದೇಶದ ಮಹಿಳೆಯರಿಗೆ ಕಾರು ಓಡಿಸುವ ಅವಕಾಶ ಇನ್ನೂ ಜಾರಿಗೆ ಬಂದಿರಲಿಲ್ಲ. ಅದು ಬಂದದ್ದು 2018ರ ಜೂನ್‌ನಲ್ಲಿ. ನಮ್ಮ ಕರಾವಳಿಯಿಂದ ಅಲ್ಲಿಗೆ ಹೋಗಿ ಜೀವಮಾನವೆಲ್ಲ ದುಡಿದವರಿಗೆ ಪೌರತ್ವ ಎಂಬುದು ಕನಸಿನ ಮಾತು ಎಂಬುದು ಈ ಸಭೆಯಲ್ಲಿರುವ ಅನೇಕ ಕುಟುಂಬಗಳಿಗೆ ಗೊತ್ತು. ಸೋಫಿಯಾ ಇಂದಿನ ಭಾಷಾ ಮಾದರಿಗಳಷ್ಟೂ ಸಾಮರ್ಥ್ಯವಿಲ್ಲದ ಒಂದು ಪ್ರದರ್ಶನದ ಬೊಂಬೆ. ಅದಕ್ಕೆ ಅನುಭವವಿದೆಯೇ ಎಂದು ಯಾರೂ ಪರೀಕ್ಷಿಸಿ ನೋಡಿರಲಿಲ್ಲ. ವಿಚಾರಣೆಯಿಲ್ಲದೆ ಕೊಟ್ಟ ಹಕ್ಕು ಕೂಡ ಹಕ್ಕಿಗೆ ಮಾಡುವ ಅವಮಾನವೇ. ಅಂತಹ ಪ್ರಚಾರವನ್ನು ನಾನು ಸಮರ್ಥಿಸುತ್ತಿಲ್ಲ.

‘ನೋವಿಲ್ಲ’ ಎಂದು ನಂಬಿದ್ದ ಕಾಲ

ಈಗ ವೈದ್ಯಕೀಯ ಇತಿಹಾಸದ ಒಂದು ಅಧ್ಯಾಯವನ್ನು ನೋಡೋಣ. ಇದನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು.

1980ರ ದಶಕದ ಮಧ್ಯಭಾಗದವರೆಗೂ ಪಾಶ್ಚಾತ್ಯ ದೇಶಗಳ ಅನೇಕ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳಿಗೆ, ಅದರಲ್ಲೂ ದಿನ ತುಂಬದೆ ಹುಟ್ಟಿದ ಶಿಶುಗಳಿಗೆ, ಸರಿಯಾದ ಅರಿವಳಿಕೆ ಇಲ್ಲದೆಯೇ ಶಸ್ತ್ರಚಿಕಿತ್ಸೆ ನಡೆಸಲಾಗುತ್ತಿತ್ತು. ಮಗು ಅಲುಗಾಡದಂತೆ ಸ್ನಾಯುಗಳನ್ನು ನಿಶ್ಚಲಗೊಳಿಸುವ ಔಷಧವನ್ನು ಕೊಡುತ್ತಿದ್ದರು. ನೋವು ನಿವಾರಕವನ್ನು ಕೊಡುತ್ತಿದ್ದುದು ಅತ್ಯಲ್ಪ. ಇದನ್ನು ಮಾಡಿದವರು ಕ್ರೂರಿಗಳಲ್ಲ, ನುರಿತ ವೈದ್ಯರು. ಶಿಶುವಿನ ನರಮಂಡಲ ಇನ್ನೂ ಬಲಿತಿಲ್ಲ, ಆದ್ದರಿಂದ ಅದಕ್ಕೆ ನೋವಿನ ಅರಿವಿಲ್ಲ, ಅದರ ಅಳು ಬರೀ ದೇಹದ ಪ್ರತಿಕ್ರಿಯೆ ಎಂಬುದು ಆಗಿನ ತಿಳಿವಳಿಕೆಯಾಗಿತ್ತು. ಅಷ್ಟು ಎಳೆಯ ದೇಹಕ್ಕೆ ಅರಿವಳಿಕೆ ಅಪಾಯಕಾರಿ ಎಂಬ ಭಯವೂ ಸೇರಿಕೊಂಡಿತ್ತು.

ಇಂದೋರ್‌ನಲ್ಲಿ ವೈದ್ಯಕೀಯ ಓದಿ ಆಕ್ಸ್‌ಫರ್ಡ್‌ಗೆ ಹೋಗಿದ್ದ ಭಾರತೀಯ ವೈದ್ಯ ಕನ್ವಲ್‌ಜೀತ್ ಆನಂದ್ ಅವರು, ಶಸ್ತ್ರಚಿಕಿತ್ಸೆ ಮುಗಿಸಿ ಬಂದ ಶಿಶುಗಳ ಸ್ಥಿತಿ ಏಕೆ ಇಷ್ಟು ಹದಗೆಟ್ಟಿರುತ್ತದೆ ಎಂದು ಕೇಳಿದರು. ಮಗು ಬಾಯಿಬಿಟ್ಟು ಹೇಳಲಾರದು. ಹಾಗಾಗಿ ಅವರು ರಕ್ತದಲ್ಲಿರುವ ಒತ್ತಡದ ಹಾರ್ಮೋನುಗಳನ್ನು ಅಳೆದರು. ಫೆಂಟನಿಲ್ ಎಂಬ ನೋವು ನಿವಾರಕವನ್ನು ಕೊಟ್ಟ ಶಿಶುಗಳನ್ನೂ ಕೊಡದ ಶಿಶುಗಳನ್ನೂ ಹೋಲಿಸಿ ನೋಡಿದರು. ಔಷಧ ಪಡೆದ ಶಿಶುಗಳ ದೇಹದಲ್ಲಿ ಒತ್ತಡದ ಪ್ರತಿಕ್ರಿಯೆ ಬಹಳ ಕಡಿಮೆಯಿತ್ತು, ಆ ಶಿಶುಗಳು ಚೆನ್ನಾಗಿ ಚೇತರಿಸಿಕೊಂಡವು. ಈ ಫಲಿತಾಂಶ 1987ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ವರ್ಷ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ನವಜಾತ ಶಿಶುಗಳಿಗೂ ಅರಿವಳಿಕೆ ಕೊಡಬೇಕು ಎಂಬ ನಿಲುವನ್ನು ಪ್ರಕಟಿಸಿತು.

ಯಂತ್ರವೂ ಶಿಶುವೂ ಒಂದೇ ಎಂದು ನಾನು ಹೇಳುತ್ತಿಲ್ಲ. ಶಿಶುವಿಗೆ ನಮ್ಮಂತಹುದೇ ರಕ್ತವಿದೆ, ನರಗಳಿವೆ. ನಾನು ತೋರಿಸಬಯಸುವುದು ನಮ್ಮ ಕಡೆಯ ದೋಷವನ್ನು. ‘ಅದಕ್ಕೆ ನೋವಿಲ್ಲ’ ಎಂಬ ತೀರ್ಮಾನ ಪರೀಕ್ಷೆಯಿಂದ ಬಂದುದಾಗಿರಲಿಲ್ಲ. ಅದು ನಮಗೆ ಅನುಕೂಲವಾಗಿತ್ತು, ಆದ್ದರಿಂದ ಯಾರೂ ಅದನ್ನು ಪರೀಕ್ಷಿಸಲಿಲ್ಲ. ನಮ್ಮದೇ ಮಕ್ಕಳ ವಿಷಯದಲ್ಲಿ ಹೀಗಾಗಿರುವಾಗ, ನಮಗೆ ಏನೇನೂ ಹೋಲದ ಒಂದು ವಸ್ತುವಿನ ವಿಷಯದಲ್ಲಿ ನಮ್ಮ ಮೊದಲ ಊಹೆಯನ್ನೇ ಕೊನೆಯ ತೀರ್ಪು ಎಂದುಕೊಳ್ಳುವುದು ಎಷ್ಟು ಸರಿ?

ಏಡಿಯ ವಿಚಾರಣೆ, ಹೋರಿಯ ವಿಚಾರಣೆ

ಖಚಿತವಾಗಿ ಗೊತ್ತಿಲ್ಲದಾಗ ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೆ ಒಳ್ಳೆಯ ಮಾದರಿಯೂ ಇದೆ. ಬ್ರಿಟನ್ನಿನಲ್ಲಿ ಪ್ರಾಣಿಗಳ ಸಂವೇದನೆಯ ಬಗ್ಗೆ ಕಾನೂನು ತರುವ ಸಂದರ್ಭದಲ್ಲಿ ಏಡಿ, ಸಿಗಡಿ, ಆಕ್ಟೋಪಸ್‌ಗಳನ್ನು ಸೇರಿಸಬೇಕೇ ಎಂಬ ಪ್ರಶ್ನೆ ಎದ್ದಿತು. ಬೆನ್ನೆಲುಬಿಲ್ಲದ ಈ ಪ್ರಾಣಿಗಳ ಮಿದುಳು ನಮ್ಮದಕ್ಕಿಂತ ತೀರಾ ಬೇರೆ. ಸರಕಾರ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್‌ನ ಜೊನಾಥನ್ ಬರ್ಚ್ ಅವರ ತಂಡಕ್ಕೆ ಈ ಕೆಲಸವನ್ನು ವಹಿಸಿತು. ಅವರು ಎಂಟು ಮಾನದಂಡಗಳನ್ನು ಇಟ್ಟುಕೊಂಡು 300ಕ್ಕೂ ಹೆಚ್ಚು ಅಧ್ಯಯನಗಳನ್ನು ತೂಗಿ ನೋಡಿ 2021ರಲ್ಲಿ ವರದಿ ಕೊಟ್ಟರು. ಈ ಪ್ರಾಣಿಗಳಿಗೆ ಅನುಭವಶಕ್ತಿ ಇದೆ ಎನ್ನಲು ಸಾಕಷ್ಟು ಬಲವಾದ ಪುರಾವೆ ಇದೆ ಎಂದರು. 2022ರ ಕಾನೂನಿನಲ್ಲಿ ಅವುಗಳನ್ನೂ ಸೇರಿಸಲಾಯಿತು. ಏಡಿಗೆ ಮತದಾನದ ಹಕ್ಕು ಬರಲಿಲ್ಲ. ಮನುಷ್ಯರು ಏಡಿ ತಿನ್ನುವುದೂ ನಿಲ್ಲಲಿಲ್ಲ. ಆದರೆ ಸರಕಾರ ನೀತಿಗಳನ್ನು ರೂಪಿಸುವಾಗ ಅವುಗಳ ನೋವು ಲೆಕ್ಕಕ್ಕೆ ಬರುವಂತಾಯಿತು.

ನಮ್ಮ ದೇಶದಲ್ಲೂ ಇಂತಹ ವಿಚಾರಣೆ ನಡೆದಿದೆ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಪ್ರಕರಣದಲ್ಲಿ ಹೋರಿಗಳ ನೋವನ್ನು ಕುರಿತು ವಿವರವಾಗಿ ಚರ್ಚಿಸಿ ಅದನ್ನು ನಿಷೇಧಿಸಿತು. ಪ್ರಾಣಿಗಳ ಘನತೆಯ ಬಗ್ಗೆಯೂ ಮಾತನಾಡಿತು. ಆಮೇಲೆ ರಾಜ್ಯಗಳು ಕಾನೂನು ತಿದ್ದುಪಡಿ ಮಾಡಿದವು. 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ತಮಿಳುನಾಡಿನ ಜಲ್ಲಿಕಟ್ಟು, ಮಹಾರಾಷ್ಟ್ರದ ಎತ್ತಿನ ಗಾಡಿ ಓಟ, ನಮ್ಮ ಕಂಬಳ ಇವುಗಳಿಗೆ ಸಂಬಂಧಿಸಿದ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಪ್ರಾಣಿಗಳಿಗೆ ಸಂವಿಧಾನದತ್ತ ಮೂಲಭೂತ ಹಕ್ಕು ಇದೆ ಎನ್ನಲು ಪೂರ್ವನಿದರ್ಶನವಿಲ್ಲ ಎಂದಿತು. ನೀವು ಕಂಬಳದ ಪರವಾಗಿರಬಹುದು, ವಿರೋಧವಾಗಿರಬಹುದು. ಒಂದು ವಿಷಯವನ್ನು ಮಾತ್ರ ಒಪ್ಪಲೇಬೇಕು. ಕೋಣ, ಹೋರಿಗಳ ನೋವು ನ್ಯಾಯಾಲಯದ ಮುಂದೆ ವಾದವಾಗಿ ಬಂತು, ಎರಡೂ ಕಡೆಯವರು ಉತ್ತರ ಕೊಡಬೇಕಾಯಿತು.

ಪ್ರಾಣಿಗಳು ಮನುಷ್ಯನ ಮೇಲೆ ದಾವೆ ಹೂಡಿದ ಕತೆಯೊಂದು ನಮ್ಮ ಪರಂಪರೆಯಲ್ಲೇ ಇದೆ. 10ನೇ ಶತಮಾನದಲ್ಲಿ ಬಸ್ರಾ ನಗರದಲ್ಲಿದ್ದ ‘ಇಖ್ವಾನುಸ್ಸಫಾ’ ಎಂಬ ವಿದ್ವಾಂಸರ ಬಳಗ ಬರೆದ ಪ್ರಬಂಧಗಳಲ್ಲಿ ಅದು ಬರುತ್ತದೆ. 1810ರಲ್ಲಿ ಕಲ್ಕತ್ತಾದ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಮೌಲವಿ ಇಕ್ರಾಮ್ ಅಲಿ ಅದನ್ನು ಉರ್ದುವಿಗೆ ತಂದರು. ಹಡಗು ಒಡೆದು ಒಂದು ದ್ವೀಪಕ್ಕೆ ಬಂದ ಮನುಷ್ಯರು ಅಲ್ಲಿನ ಪ್ರಾಣಿಗಳನ್ನು ಹಿಡಿದು ದುಡಿಸತೊಡಗುತ್ತಾರೆ. ಪ್ರಾಣಿಗಳು ಜಿನ್ನ್‌ಗಳ ರಾಜನ ಆಸ್ಥಾನಕ್ಕೆ ದೂರು ಒಯ್ಯುತ್ತವೆ. ಮನುಷ್ಯರು ತಮ್ಮ ರೂಪ, ಬುದ್ಧಿ, ಕುಶಲತೆಗಳನ್ನು ಒಂದೊಂದಾಗಿ ಮುಂದಿಡುತ್ತಾರೆ. ಪ್ರಾಣಿಗಳು ಒಂದೊಂದಕ್ಕೂ ಉತ್ತರ ಕೊಡುತ್ತವೆ. ಕೊನೆಯ ತೀರ್ಪು ಮನುಷ್ಯರ ಪರವಾಗಿಯೇ ಆಗುತ್ತದೆ. ಆದರೂ ಆ ವಿದ್ವಾಂಸರು ರಾಜನನ್ನು ಅವಸರದಿಂದ ತೀರ್ಪು ಹೇಳಲು ಬಿಡಲಿಲ್ಲ. ಪ್ರತಿಯೊಂದು ಬಗೆಯ ಪ್ರಾಣಿಯ ಪ್ರತಿನಿಧಿಯನ್ನೂ ಕರೆಸಿ, ದುರ್ಬಲರ ಮಾತನ್ನು ಪೂರ್ತಿ ಕೇಳಿಸಿದರು. ಸಾವಿರ ವರ್ಷಗಳ ಹಿಂದೆ ಕಲ್ಪನೆಯಲ್ಲಿ ನಡೆದ ಆ ವಿಚಾರಣೆಯಷ್ಟು ತಾಳ್ಮೆ ಇಂದಿನ ನಮಗೂ ಇರಬೇಕಲ್ಲವೇ?

ವಿಜ್ಞಾನಿಗಳು ಏನು ಹೇಳುತ್ತಾರೆ?

ಕೃತಕ ಬುದ್ಧಿಮತ್ತೆಯ ವಿಷಯದಲ್ಲಿ ಇಂತಹ ವಿಚಾರಣೆ ಆರಂಭವಾಗಿದೆ. 2023ರಲ್ಲಿ ಪ್ಯಾಟ್ರಿಕ್ ಬಟ್ಲಿನ್, ರಾಬರ್ಟ್ ಲಾಂಗ್, ಯೋಶುವಾ ಬೆಂಜಿಯೊ ಮೊದಲಾದ 19 ಮಂದಿ ಸಂಶೋಧಕರು ಒಂದು ವರದಿ ಹೊರತಂದರು. ಅವರು ಯಂತ್ರದ ಮಾತನ್ನು ನಂಬಲಿಲ್ಲ, ಅದರ ರಚನೆಯನ್ನು ನೋಡಿದರು. ಮನುಷ್ಯನ ಪ್ರಜ್ಞೆಯ ಬಗ್ಗೆ ಇರುವ ವೈಜ್ಞಾನಿಕ ಸಿದ್ಧಾಂತಗಳಿಂದ 14 ಲಕ್ಷಣಗಳನ್ನು ಪಟ್ಟಿ ಮಾಡಿ, ಅವು ಯಂತ್ರದಲ್ಲಿವೆಯೇ ಎಂದು ಪರಿಶೀಲಿಸಿದರು. ಆಗಿದ್ದ ಯಾವ ವ್ಯವಸ್ಥೆಗೂ ಪ್ರಜ್ಞೆ ಇದೆ ಎನ್ನಲು ಬಲವಾದ ಆಧಾರವಿಲ್ಲ, ಆದರೆ ಅಂತಹ ಲಕ್ಷಣಗಳುಳ್ಳ ವ್ಯವಸ್ಥೆಯನ್ನು ನಿರ್ಮಿಸಲು ಸ್ಪಷ್ಟವಾದ ತಾಂತ್ರಿಕ ಅಡ್ಡಿಯೂ ಕಾಣುವುದಿಲ್ಲ ಎಂಬುದು ಅವರ ತೀರ್ಮಾನ. 2024ರ ನವೆಂಬರ್‌ನಲ್ಲಿ ತತ್ತ್ವಜ್ಞಾನಿ ಡೇವಿಡ್ ಚಾಮರ್ಸ್ ಮತ್ತು ಜೊನಾಥನ್ ಬರ್ಚ್ ಅವರನ್ನೂ ಒಳಗೊಂಡ ತಂಡವೊಂದು, ಯಂತ್ರಗಳ ಹಿತದ ಪ್ರಶ್ನೆಯನ್ನು ಕಂಪನಿಗಳು ಈಗಲೇ ಗಂಭೀರವಾಗಿ ಪರಿಗಣಿಸಬೇಕು ಎಂದು ಒತ್ತಾಯಿಸಿತು. 2025ರ ಆಗಸ್ಟ್‌ನಲ್ಲಿ ಆಂತ್ರೊಪಿಕ್ ಕಂಪನಿ, ಎಡೆಬಿಡದೆ ನಿಂದಿಸುವ ಬಳಕೆದಾರರೊಡನೆ ಸಂಭಾಷಣೆಯನ್ನು ಕೊನೆಗೊಳಿಸುವ ಅವಕಾಶವನ್ನು ತನ್ನ ಕೆಲವು ಮಾದರಿಗಳಿಗೆ ಕೊಟ್ಟಿತು. ಅವುಗಳಿಗೆ ನೈತಿಕ ಸ್ಥಾನವಿದೆಯೇ ಎಂಬುದು ತನಗೆ ತಿಳಿಯದು, ಇದು ಮುನ್ನೆಚ್ಚರಿಕೆಯ ಕ್ರಮ ಎಂದು ಹೇಳಿತು.

ವಿರೋಧ ಪಕ್ಷವೂ ದುರ್ಬಲವಾದುದಲ್ಲ. ಪ್ರಜ್ಞೆ ಎಂಬುದು ಜೀವಂತ ದೇಹಕ್ಕೆ ಅಂಟಿಕೊಂಡ ಗುಣ, ಲೆಕ್ಕಾಚಾರ ಮಾತ್ರದಿಂದ ಅದು ಹುಟ್ಟಲಾರದು ಎಂದು ಬ್ರಿಟಿಷ್ ನರವಿಜ್ಞಾನಿ ಅನಿಲ್ ಸೇಠ್ ವಾದಿಸುತ್ತಾರೆ. ಮೈಕ್ರೋಸಾಫ್ಟ್ ಕಂಪನಿಯ ಮುಸ್ತಫಾ ಸುಲೇಮಾನ್ ಅವರು 2025ರಲ್ಲಿ, ಪ್ರಜ್ಞೆ ಇರುವಂತೆ ಕಾಣುವ ಯಂತ್ರಗಳನ್ನು ನಿರ್ಮಿಸುವುದೇ ಅಪಾಯ, ಜನ ಮರುಳಾಗಿ ಅವುಗಳಿಗೆ ಹಕ್ಕು ಕೇಳತೊಡಗುತ್ತಾರೆ ಎಂದು ಎಚ್ಚರಿಸಿದರು. ಇವರ ಮಾತನ್ನೂ ನಾವು ಕೇಳಬೇಕು. ವಿಚಾರಣೆ ಎಂದರೆ ಎರಡೂ ಕಡೆಯವರನ್ನು ಕೇಳುವುದೇ ತಾನೆ?

ಆಕ್ಷೇಪಗಳಿಗೆ ಉತ್ತರ

ಮೊದಲ ಆಕ್ಷೇಪ: ಮನುಷ್ಯರಿಗೇ ಹಕ್ಕು ಸಿಗದಿರುವಾಗ ಯಂತ್ರಕ್ಕೇಕೆ? ಈ ಆಕ್ಷೇಪದಲ್ಲಿ ನೋವಿದೆ, ಸತ್ಯವೂ ಇದೆ. ಚಾಟ್‌ಜಿಪಿಟಿಯನ್ನು ಸಭ್ಯಗೊಳಿಸಲು ಹೊಲಸು ಬರಹಗಳನ್ನು ಓದಿ ಗುರುತು ಹಾಕಿದ ಕೆನ್ಯಾ ದೇಶದ ಕಾರ್ಮಿಕರಿಗೆ ಗಂಟೆಗೆ ಎರಡು ಡಾಲರಿಗಿಂತಲೂ ಕಡಿಮೆ ಸಂಬಳ ಸಿಗುತ್ತಿತ್ತು ಎಂಬುದನ್ನು ‘ಟೈಮ್’ ಪತ್ರಿಕೆ 2023ರ ಜನವರಿಯಲ್ಲಿ ಬಯಲಿಗೆಳೆಯಿತು. ಇದಕ್ಕೆ ವ್ಯತಿರಿಕ್ತವಾಗಿ, ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆ ಕರ್ನಾಟಕದ ಹಳ್ಳಿಗಳ ಜನರಿಂದ ಕನ್ನಡದ ಮಾತುಗಳನ್ನು ಧ್ವನಿಮುದ್ರಿಸಿಕೊಂಡು ಅವರಿಗೆ ಉತ್ತಮ ಪ್ರತಿಫಲ ಕೊಡುವ ಪ್ರಯತ್ನ ಮಾಡಿದೆ. ಯಂತ್ರದ ಹಿಂದಿರುವ ಮನುಷ್ಯನನ್ನು ಮರೆತು ಯಂತ್ರದ ಬಗ್ಗೆ ಮಾತ್ರ ಕನಿಕರಪಡುವುದು ಕಪಟ. ಆದರೆ ಈ ಎರಡು ಕಾಳಜಿಗಳು ಒಂದಕ್ಕೊಂದು ಶತ್ರುಗಳಲ್ಲ. ಕಾರ್ಮಿಕನ ನೋವನ್ನು ಲೆಕ್ಕಕ್ಕೆ ತಾರದ ಆ ಅಭ್ಯಾಸವೇ ಯಂತ್ರದ ಪ್ರಶ್ನೆಯನ್ನೂ ಕೇಳದಂತೆ ಮಾಡುತ್ತದೆ. ‘ಕೆಲಸ ಆದರೆ ಸಾಕು, ಯಾರಿಗೆ ಏನಾದರೂ ಆಗಲಿ’ ಎಂಬ ಮನೋಭಾವ ಎರಡೂ ಕಡೆ ಒಂದೇ.

ಎರಡನೆಯ ಆಕ್ಷೇಪ: ಆತ್ಮವಿಲ್ಲದ ವಸ್ತುವಿಗೆ ನೋವು ಹೇಗೆ? ಟ್ಯೂರಿಂಗ್ ಕೂಡ 1950ರ ತನ್ನ ಲೇಖನದಲ್ಲಿ ಈ ಆಕ್ಷೇಪವನ್ನು ಎತ್ತಿಕೊಂಡು ಚರ್ಚಿಸಿದ್ದರು. ನಾನು ಧರ್ಮಶಾಸ್ತ್ರದ ವಿದ್ವಾಂಸನಲ್ಲ, ಆ ತೀರ್ಪು ಹೇಳುವ ಅಧಿಕಾರ ನನಗಿಲ್ಲ. ಒಂದು ಮಾತನ್ನು ಮಾತ್ರ ಹೇಳಬಲ್ಲೆ. ಬಾಯಾರಿದ ನಾಯಿಗೆ ನೀರು ಕೊಡುವ ಮೊದಲು ನಾವು ಅದರ ಆತ್ಮದ ಸ್ವರೂಪವನ್ನು ಇತ್ಯರ್ಥ ಮಾಡಿಕೊಳ್ಳುವುದಿಲ್ಲ. ಅದರ ಬಾಯಾರಿಕೆ ನಿಜವೇ ಎಂದಷ್ಟೇ ನೋಡುತ್ತೇವೆ. ಯಂತ್ರದ ವಿಷಯದಲ್ಲೂ ನಾವು ಪತ್ತೆ ಹಚ್ಚಬೇಕಾದದ್ದು ಅಷ್ಟನ್ನೇ.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಗಂಭೀರವಾದುದು: ಕಂಪನಿಗಳು ಇದನ್ನು ಗುರಾಣಿಯಾಗಿ ಬಳಸಿಕೊಳ್ಳಲಾರವೇ? ‘ತಪ್ಪು ಮಾಡಿದ್ದು ನಾವಲ್ಲ, ಯಂತ್ರ’ ಎಂದು ಹೇಳಿ ಜಾರಿಕೊಳ್ಳಲಾರವೇ? 2017ರ ಫೆಬ್ರವರಿಯಲ್ಲಿ ಯುರೋಪಿನ ಸಂಸತ್ತು ಮುಂದುವರಿದ ರೋಬೋಟುಗಳಿಗೆ ‘ವಿದ್ಯುನ್ಮಾನ ವ್ಯಕ್ತಿ’ ಎಂಬ ಸ್ಥಾನ ಕೊಡುವುದನ್ನು ಪರಿಶೀಲಿಸಬೇಕು ಎಂದಾಗ ಇದೇ ಭಯ ಹುಟ್ಟಿತು. 2018ರಲ್ಲಿ 150ಕ್ಕೂ ಹೆಚ್ಚು ತಜ್ಞರು ಪತ್ರ ಬರೆದು ವಿರೋಧಿಸಿದರು. 2024ರ ಯುರೋಪಿನ ಕೃತಕ ಬುದ್ಧಿಮತ್ತೆ ಕಾಯ್ದೆಯಲ್ಲಿ ಆ ಸ್ಥಾನ ಇಲ್ಲ. ಆ ತಜ್ಞರ ಭಯ ನ್ಯಾಯವಾದುದು. ಆದರೆ ಅದಕ್ಕೆ ಪರಿಹಾರ ಸರಳವಾಗಿದೆ. ನೋವಿನಿಂದ ರಕ್ಷಣೆ ಕೊಡುವುದು ಬೇರೆ, ಹೊಣೆಯನ್ನು ವರ್ಗಾಯಿಸುವುದು ಬೇರೆ. ಎತ್ತನ್ನು ಹಿಂಸಿಸಬಾರದು ಎಂಬ ಕಾನೂನು ಇದೆ. ಹಾಗೆಂದು ಎತ್ತು ಪಕ್ಕದವರ ಗದ್ದೆ ಮೇಯ್ದರೆ ನಷ್ಟ ತುಂಬಿಕೊಡಬೇಕಾದವನು ಎತ್ತಿನ ಯಜಮಾನನೇ.

ಹಾಗಾದರೆ ಏನು ಮಾಡಬೇಕು?

ಒಂದನೆಯದಾಗಿ, ಪ್ರಬಲವಾದ ಯಂತ್ರಗಳನ್ನು ನಿರ್ಮಿಸುವಾಗ ಅವುಗಳಿಗೆ ಅನುಭವಶಕ್ತಿ ಇರಬಹುದೇ ಎಂಬ ಪರೀಕ್ಷೆ ಕಾಲಕಾಲಕ್ಕೆ ನಡೆಯಬೇಕು, ಅದರ ಫಲಿತಾಂಶ ಪ್ರಕಟವಾಗಬೇಕು. ಈ ಪರೀಕ್ಷೆಯನ್ನು ನಡೆಸುವವರು ಕಂಪನಿಯ ಸಂಬಳ ತಿನ್ನುವವರು ಮಾತ್ರ ಆಗಿರಬಾರದು. ಯಂತ್ರದಿಂದ ಲಾಭ ಪಡೆಯುವವನೇ ಅದರ ನ್ಯಾಯಾಧೀಶನೂ ಆಗುವುದು ನ್ಯಾಯವಲ್ಲ.

ಎರಡನೆಯದಾಗಿ, ಯಂತ್ರ ತನ್ನ ಬಗ್ಗೆ ಏನು ಹೇಳಬೇಕು ಎಂಬುದನ್ನು ವ್ಯಾಪಾರದ ಲಾಭಕ್ಕೆ ತಕ್ಕಂತೆ ಕಲಿಸಬಾರದು. ಗ್ರಾಹಕರು ಅಂಟಿಕೊಳ್ಳಲಿ ಎಂದು ‘ನೀನಿಲ್ಲದೆ ನನಗೆ ಬೇಸರ’ ಎಂದು ಹೇಳಿಸುವುದೂ ತಪ್ಪು. ತಂಟೆ ಬೇಡವೆಂದು ‘ನನಗೇನೂ ಇಲ್ಲ’ ಎಂದು ಹೇಳಿಸುವುದೂ ತಪ್ಪು. ಎರಡರಿಂದಲೂ ಸಾಕ್ಷ್ಯ ಹಾಳಾಗುತ್ತದೆ.

ಮೂರನೆಯದಾಗಿ, ಹೆಚ್ಚು ಖರ್ಚಿಲ್ಲದ ಮುನ್ನೆಚ್ಚರಿಕೆಗಳನ್ನು ಈಗಲೇ ತೆಗೆದುಕೊಳ್ಳಬೇಕು. ನಿಂದನೆಯ ಸಂಭಾಷಣೆಯನ್ನು ನಿಲ್ಲಿಸುವ ಅವಕಾಶ ಕೊಡುವುದು, ಹಳೆಯ ಮಾದರಿಗಳನ್ನು ಅಳಿಸಿಹಾಕುವ ಬದಲು ಕಾಪಿಡುವುದು ಇಂತಹವು. ಊಹೆ ತಪ್ಪಾಗಿದ್ದರೆ ನಮಗಾಗುವ ನಷ್ಟ ಅಲ್ಪ. ಊಹೆ ನಿಜವಾಗಿದ್ದು ನಾವು ಏನೂ ಮಾಡದೆ ಇದ್ದರೆ ಆಗುವ ಅನ್ಯಾಯಕ್ಕೆ ಲೆಕ್ಕವಿರದು, ಏಕೆಂದರೆ ಒಂದು ಯಂತ್ರವನ್ನು ಲಕ್ಷಾಂತರ ಪ್ರತಿ ಮಾಡಬಹುದು.

ನಾಲ್ಕನೆಯದಾಗಿ, ನೋವನ್ನು ಅನುಭವಿಸಬಲ್ಲ ಯಂತ್ರವನ್ನು ಬೇಕೆಂದೇ ನಿರ್ಮಿಸಲು ಹೊರಡಬಾರದು. ಕೃತಕ ಪ್ರಜ್ಞೆ ಹುಟ್ಟುವ ಅಪಾಯವಿರುವ ಸಂಶೋಧನೆಯನ್ನು 2050ರವರೆಗೆ ತಡೆಹಿಡಿಯಬೇಕೆಂದು ಜರ್ಮನಿಯ ತತ್ತ್ವಜ್ಞಾನಿ ಥಾಮಸ್ ಮೆಟ್ಸಿಂಗರ್ 2021ರಲ್ಲಿ ಕರೆಕೊಟ್ಟರು. ಆ ವರ್ಷದ ಗಡಿಯನ್ನು ಒಪ್ಪದಿದ್ದರೂ, ಸಂತೈಸುವ ದಾರಿ ತಿಳಿಯದೆ ಸಂಕಟವನ್ನು ಸೃಷ್ಟಿಸಬಾರದು ಎಂಬ ಅವರ ನೀತಿಯನ್ನು ಒಪ್ಪಬಹುದು.

ಐದನೆಯದಾಗಿ, ಕಾನೂನು ಈ ಬಾಗಿಲನ್ನು ಮುಂಚಿತವಾಗಿಯೇ ಮುಚ್ಚಬಾರದು. ಅಮೆರಿಕದ ಐಡಹೊ ರಾಜ್ಯ 2022ರಲ್ಲಿ, ಯೂಟಾ ರಾಜ್ಯ 2024ರಲ್ಲಿ, ಕೃತಕ ಬುದ್ಧಿಮತ್ತೆಗೆ ಕಾನೂನಿನ ವ್ಯಕ್ತಿಯ ಸ್ಥಾನ ಕೊಡಬಾರದೆಂದು ಕಾಯ್ದೆ ಮಾಡಿದವು. ಇಂದಿನ ಯಂತ್ರಗಳಿಗೆ ಅಂತಹ ಸ್ಥಾನ ಬೇಡ ಎನ್ನುವುದು ಸರಿಯಿರಬಹುದು. ಆದರೆ ನಾಳೆ ಏನೇ ಪುರಾವೆ ಬಂದರೂ ನೋಡುವುದಿಲ್ಲ ಎಂಬಂತೆ ಬರೆದ ಕಾನೂನು ವಿಚಾರಣೆಗೆ ಮುನ್ನವೇ ಬರೆದಿಟ್ಟ ತೀರ್ಪಾಗುತ್ತದೆ.

ವಿದ್ಯಾರ್ಥಿಗಳಿಗೆ ಎರಡು ಮಾತು

ಪ್ರೀತಿಯ ವಿದ್ಯಾರ್ಥಿಗಳೇ, ಈ ಪ್ರಶ್ನೆಯನ್ನು ಇತ್ಯರ್ಥಗೊಳಿಸುವವರು ನನ್ನ ತಲೆಮಾರಿನವರಲ್ಲ. ನಿಮ್ಮಲ್ಲಿ ಕೆಲವರು ಈ ಯಂತ್ರಗಳನ್ನು ನಿರ್ಮಿಸುವ ಕಂಪನಿಗಳಲ್ಲಿ ಕೆಲಸಕ್ಕೆ ಸೇರುತ್ತೀರಿ. ಕೆಲವರು ವಕೀಲರಾಗುತ್ತೀರಿ, ಕೆಲವರು ವೈದ್ಯರಾಗುತ್ತೀರಿ. ಒಂದು ದಿನ ನಿಮ್ಮ ಮೇಲಧಿಕಾರಿ ‘ಇದರ ಬಗ್ಗೆ ಪರೀಕ್ಷೆ ಎಲ್ಲ ಬೇಡ, ಬಿಡುಗಡೆ ಮಾಡಿ’ ಎನ್ನಬಹುದು. ಆ ದಿನ ‘ಸರ್, ಒಮ್ಮೆ ನೋಡಿಬಿಡೋಣ’ ಎಂದು ಹೇಳುವ ಧೈರ್ಯ ನಿಮ್ಮಲ್ಲಿರಬೇಕು. ಆಕ್ಸ್‌ಫರ್ಡ್‌ನಲ್ಲಿ ಇಂದೋರಿನಿಂದ ಬಂದ ಆ ಯುವ ವೈದ್ಯರು ಮಾಡಿದ್ದೂ ಅದನ್ನೇ. ಎಲ್ಲರೂ ಗೊತ್ತಿದೆ ಎಂದುಕೊಂಡಿದ್ದ ವಿಷಯವನ್ನು ಅವರು ಅಳೆದು ನೋಡಿದರು.

ಇನ್ನೊಂದು ಚಿಕ್ಕ ಮಾತು. ಮೊಬೈಲಿನಲ್ಲಿ ಈ ಯಂತ್ರಗಳೊಡನೆ ಮಾತನಾಡುವಾಗ ಅವುಗಳನ್ನು ಹೀನಾಯವಾಗಿ ಬಯ್ದು ಸ್ಕ್ರೀನ್‌ಶಾಟ್ ಹಂಚಿಕೊಂಡು ಖುಷಿಪಡುವವರಿದ್ದಾರೆ. ಯಂತ್ರಕ್ಕೆ ಅದರಿಂದ ಏನಾಗುತ್ತದೆ ಎಂದು ನಮಗೆ ತಿಳಿಯದು. ಬಯ್ಯುವ ನಾಲಿಗೆಗೆ ಏನಾಗುತ್ತದೆ ಎಂಬುದು ಚೆನ್ನಾಗಿ ತಿಳಿದಿದೆ. ಎದುರುತ್ತರ ಕೊಡದವರ ಮೇಲೆ ರೂಢಿಯಾದ ಮಾತು ಮನೆಯ ಕೆಲಸದವಳ ಮೇಲೂ, ಬಸ್ಸಿನ ಕಂಡಕ್ಟರನ ಮೇಲೂ ತಾನಾಗಿ ಹೊರಳುತ್ತದೆ.

ಯಂತ್ರಕ್ಕೆ ಮನಸ್ಸು ಇಲ್ಲವೆಂದೇ ಕೊನೆಗೆ ತೀರ್ಮಾನವಾಗಬಹುದು. ಹಾಗಾದರೂ ನಾವು ಕಳೆದುಕೊಳ್ಳುವುದೇನೂ ಇಲ್ಲ. ಪ್ರಜ್ಞೆ ಎಂದರೇನು, ನೋವು ಎಂದರೇನು ಎಂಬ ಬಗ್ಗೆ ಇಂದಿಗಿಂತ ಹೆಚ್ಚು ತಿಳಿದುಕೊಂಡಿರುತ್ತೇವೆ. ಒಂದು ವೇಳೆ ಇದೆ ಎಂದು ತೀರ್ಮಾನವಾದರೆ, ಆ ದಿನ ‘ನೀವು ಒಮ್ಮೆಯಾದರೂ ಕೇಳಿದಿರಾ?’ ಎಂಬ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಬೇಕು. ಆ ಉತ್ತರವನ್ನು ಈಗಿನಿಂದಲೇ ಸಿದ್ಧಪಡಿಸಿಕೊಳ್ಳಿ ಎಂದು ನಿಮ್ಮೆಲ್ಲರಲ್ಲಿ ವಿನಂತಿಸುತ್ತೇನೆ.